ಶುಶ್ರೂಷಾ ವಿದ್ಯೆಯೂ ನಮ್ಮ ಗೃಹಸ್ಥರೂ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ಕಾಲವು ಬಂದಿತೆಂದರೆ ನಮ್ಮ ಪಟ್ಟಣಗಳ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಜ್ವರವು ಕಾಣಿಸಿಕೊಳ್ಳುವುದುಂಟು. ವಿಜ್ಞಾನ ವಿಷಯಗಳನ್ನು ಓದಿದ ಮಗನಿಗಾಗಲಿ ಮಗಳಿಗಾಗಲಿ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳವು ದೊರೆಯುವುದೋ ಇಲ್ಲವೋ ಎಂಬುದೊಂದೇ ಚಿಂತೆ. ಅದು ದೊರೆಯದಿದ್ದರೆ ದಂತವೈದ್ಯ, ಅದೂ ಇಲ್ಲದಿದ್ದರೆ ಆಯುರ್ವೇದ, ಔಷಧಶಾಸ್ತ್ರ, ಎಂಜಿನಿಯರಿಂಗು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಎಲ್ಲ ಬಾಗಿಲುಗಳೂ ಮುಚ್ಚಿದ ಬಳಿಕ ದನಿಯನ್ನು ತಗ್ಗಿಸಿ, "ನರ್ಸಿಂಗಿಗಾದರೂ ಸೇರಿಸೋಣವೇ?" ಎಂದು ಕೇಳುತ್ತಾರೆ. ಈ 'ಆದರೂ' ಎಂಬ ಮೂರಕ್ಷರದ ಮೇಲೆಯೇ ನಾವು ಇಂದು ನಾಲ್ಕು ಮಾತುಗಳನ್ನು ಬರೆಯಬೇಕೆಂದು ಸಂಕಲ್ಪಿಸಿದ್ದೇವೆ.

ಅದೇ ಗೃಹಸ್ಥರ ವೃದ್ಧ ತಾಯಿಯು ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವಾಗ, ಡಾಕ್ಟರರು ಬೆಳಗಿನಲ್ಲೊಮ್ಮೆ ಸಂಜೆಯಲ್ಲೊಮ್ಮೆ ಬಂದು ಹೋಗುತ್ತಾರೆ. ಉಳಿದ ಕಾಲವೆಲ್ಲವೂ ಆ ತಾಯಿಯ ಪ್ರಾಣವು ಯಾರ ಕೈಯಲ್ಲಿದೆಯೆಂಬುದನ್ನು ಅವರು ಯೋಚಿಸಿದವರಲ್ಲ. ನಮ್ಮ ಪೂರ್ವಿಕರು ಯೋಚಿಸಿದ್ದರು. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ಪರಿಚಾರಕನಿಗೆ ಇರತಕ್ಕ ಗುಣಗಳೂ ನಾಲ್ಕೇ: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ವಾಚಕರು ಈ ಕ್ರಮವನ್ನು ಗಮನಿಸಬೇಕು. ಅರಿವು ಮೊದಲನೆಯದು, ಕೈಚಳಕವು ಎರಡನೆಯದು. ರೋಗಿಯ ಮೇಲಣ ಪ್ರೀತಿಯು ಮೂರನೆಯ ಸ್ಥಾನದಲ್ಲಿದೆ. ನಾವಾದರೋ ಮೊದಲೆರಡನ್ನೂ ಬಿಟ್ಟು ಮೂರನೆಯದೊಂದನ್ನೇ ಹಿಡಿದು, ದಾದಿಯರನ್ನು 'ಕರುಣಾಮಯಿ' ಎಂದೂ 'ಸೇವಾಮೂರ್ತಿ' ಎಂದೂ ವರ್ಷಕ್ಕೊಂದು ದಿನ ಹೊಗಳಿ, ಮರುದಿನ ಮರೆಯುತ್ತೇವೆ. ಕರುಣೆಗೆ ಪದವಿಯೇಕೆ, ಸೇವೆಗೆ ಸಂಬಳವೇಕೆ ಎಂಬ ತರ್ಕವು ಈ ಹೊಗಳಿಕೆಯ ಹಿಂದೆ ಅಡಗಿದೆಯೆಂದು ನಮ್ಮ ಸಂದೇಹ.

ಹಿಂದೂಸ್ಥಾನದಲ್ಲಿ ಈ ವಿದ್ಯೆಗೆ ಶಾಲೆಯೆಂಬುದು ಮೊದಲಾದದ್ದು 1871ರಲ್ಲಿ, ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ. ಅಲ್ಲಿಂದ ಮುಕ್ಕಾಲು ಶತಮಾನದವರೆಗೆ ಇದು ಆಸ್ಪತ್ರೆಯ ಶಾಲೆಗಳ ಸರ್ಟಿಫಿಕೇಟಿನ ವಿದ್ಯೆಯಾಗಿಯೇ ಉಳಿಯಿತು. 1946ರಲ್ಲಿ ಸರ್ ಜೋಸೆಫ್ ಭೋರ್ ಅವರ ಕಮಿಟಿಯು ತನ್ನ ರಿಪೋರ್ಟನ್ನು ಒಪ್ಪಿಸಿದಾಗ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬಾಕೆ. ಅದೇ ವರ್ಷ ದಿಲ್ಲಿಯಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ಬಿ.ಎಸ್‌ಸಿ. ಪದವಿಯ ಶಿಕ್ಷಣವು ಆರಂಭವಾಯಿತು. ದಿಲ್ಲಿಯ ಆ ಕಾಲೇಜಿಗೆ ಮುಂದೆ ನಮ್ಮ ಪ್ರಥಮ ಆರೋಗ್ಯ ಮಂತ್ರಿಣಿಯಾದ ರಾಜಕುಮಾರಿ ಅಮೃತ ಕೌರ್ ಅವರ ಹೆಸರನ್ನಿಟ್ಟರು. 1947ರ ಶಾಸನದಂತೆ ಭಾರತೀಯ ನರ್ಸಿಂಗ್ ಪರಿಷತ್ತು ಸ್ಥಾಪಿತವಾಯಿತು. ಆ ಶಾಸನದ ಸ್ಥಾನದಲ್ಲಿ ನಿಲ್ಲಬೇಕಾದ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂತಿಕಾ ಆಯೋಗದ ಶಾಸನವನ್ನು ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದೆ.

ಪದವಿಯ ಅವಧಿಯು ನಾಲ್ಕು ವರ್ಷಗಳು. 2021ರ ನಿಯಮಾವಳಿಯಂತೆ ಎಂಟು ಸೆಮಿಸ್ಟರುಗಳು. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನೂ ಇಂಗ್ಲಿಷನ್ನೂ ಓದಿ ಶೇಕಡಾ 45 ಅಂಕಗಳನ್ನು ಪಡೆದಿರಬೇಕು. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡಾ 40 ಸಾಕು. ವಯಸ್ಸು 17 ತುಂಬಿರಬೇಕು. ಇದಲ್ಲದೆ ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಬೇರೆಯೇ ಇದೆ. ಅದನ್ನು ಮುಗಿಸಿದವರು ಇನ್ನೆರಡು ವರ್ಷ ಓದಿ ಪದವೀಧರರಾಗಬಹುದು. ಪದವಿಯಲ್ಲಿ ಕಲಿಯತಕ್ಕ ವಿಷಯಗಳ ಪಟ್ಟಿಯನ್ನು ನೋಡಿದರೆ 'ಆದರೂ' ಎಂದವರು ನಾಚಬೇಕು. ಶರೀರರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ರೋಗಶಾಸ್ತ್ರ, ಪೋಷಣಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ವಯಸ್ಕರ, ಮಕ್ಕಳ, ಬಾಣಂತಿಯರ, ಮನೋರೋಗಿಗಳ ಶುಶ್ರೂಷೆ, ಸಮುದಾಯದ ಆರೋಗ್ಯ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಕಡೆಯ ಸೆಮಿಸ್ಟರು ಪೂರ್ತಿಯಾಗಿ ವಾರ್ಡಿನಲ್ಲಿಯೇ ಕಳೆಯತಕ್ಕದ್ದು. ದೀಪ ಹಿಡಿದ ದೇವಿಯೆಂದು ನಾವು ಚಿತ್ರಪಟದಲ್ಲಿ ಪೂಜಿಸುವ ಫ್ಲಾರೆನ್ಸ್ ನೈಟಿಂಗೇಲ್ ಅವರು ತಮ್ಮ ಕಾಲದ ದೊಡ್ಡ ಸಂಖ್ಯಾಶಾಸ್ತ್ರಜ್ಞರೂ ಆಗಿದ್ದರೆಂಬುದನ್ನೂ, ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಸಾಂಕ್ರಾಮಿಕ ರೋಗಗಳಿಂದಲೇ ಸತ್ತರೆಂಬುದನ್ನು ಅಂಕಿಗಳಿಂದ ಸಿದ್ಧಪಡಿಸಿ ಸರಕಾರದ ಮುಂದಿಟ್ಟರೆಂಬುದನ್ನೂ ನಮ್ಮ ಪಠ್ಯಪುಸ್ತಕಗಳು ಹೇಳುವುದು ಅಪರೂಪ. ದೀಪವನ್ನು ಉಳಿಸಿಕೊಂಡೆವು, ಲೆಕ್ಕವನ್ನು ಬಿಟ್ಟೆವು!

ಇಷ್ಟೆಲ್ಲ ಓದಿ ಕಡೆಗೆ ಮಾಡುವುದು ಇಂಜೆಕ್ಷನ್ ಚುಚ್ಚುವುದು, ಹಾಸಿಗೆ ಹಾಸುವುದು ತಾನೆ ಎನ್ನುವವರು ಒಂದು ರಾತ್ರಿಯ ವಾರ್ಡನ್ನು ಕಲ್ಪಿಸಿಕೊಳ್ಳಲಿ. ವೇಳೆ ಎರಡು ಗಂಟೆ. ಹಗಲು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಯು ಮಲಗಿದ್ದಾನೆ. ರಕ್ತದ ಒತ್ತಡವನ್ನು ಅಳೆದರೆ ಸರಿಯಾಗಿಯೇ ಇದೆ. ಆದರೆ ನಾಡಿಯು ಒಂದು ಗಂಟೆಯ ಹಿಂದೆ ಇದ್ದುದಕ್ಕಿಂತ ಚುರುಕಾಗಿದೆ, ಉಸಿರು ಸ್ವಲ್ಪ ಹೆಚ್ಚಾಗಿದೆ, ಮೂತ್ರದ ಚೀಲದಲ್ಲಿ ಎರಡು ಗಂಟೆಗಳಿಂದ ಹೆಚ್ಚೇನೂ ಇಳಿದಿಲ್ಲ, ಕೈ ತಣ್ಣಗಿದೆ, ರೋಗಿಯು ಕಾರಣವಿಲ್ಲದೆ ಚಡಪಡಿಸುತ್ತಿದ್ದಾನೆ. ಒಳಗೆ ಎಲ್ಲಿಯೋ ರಕ್ತವು ಸೋರುತ್ತಿರುವಾಗ ದೇಹವು ನಾಳಗಳನ್ನು ಬಿಗಿಹಿಡಿದು, ಹೃದಯವನ್ನು ಓಡಿಸಿ, ಒತ್ತಡವನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಒತ್ತಡವು ಕುಸಿದುದು ಕಣ್ಣಿಗೆ ಬೀಳುವ ವೇಳೆಗೆ ಅನೇಕ ಸಲ ಕಾಲವು ಮೀರಿರುತ್ತದೆ. ಇದನ್ನು ಬಲ್ಲವಳು ಎರಡು ಗಂಟೆಗೇ ಡಾಕ್ಟರರನ್ನು ಎಬ್ಬಿಸುತ್ತಾಳೆ; ಏನನ್ನು ಕಂಡೆನೆಂಬುದನ್ನು ಅಂಕಿಗಳೊಡನೆ ಹೇಳುತ್ತಾಳೆ; ಅವರು ಬೇಸರಿಸಿಕೊಂಡರೆ ಇನ್ನೊಮ್ಮೆ ಎಬ್ಬಿಸುತ್ತಾಳೆ. ಬಲ್ಲದವಳು ಒತ್ತಡದ ಅಂಕಿಯನ್ನು ಚೀಟಿಯಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾಳೆ. ಇಬ್ಬರ ಕರುಣೆಯೂ ಸಮವೇ. ಮುಂಜಾನೆ ರೋಗಿಯು ಬದುಕಿರುವನೇ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಲಿಂಡಾ ಏಕನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ, 50 ವರ್ಷ ಮೀರಿದ 4,22,730 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನಗಳೊಳಗೆ ರೋಗಿಯು ಸಾಯುವ ಸಂಭವವು ಶೇಕಡಾ 7 ಹೆಚ್ಚುತ್ತಿತ್ತು. ಪದವಿ ಪಡೆದ ದಾದಿಯರ ಪ್ರಮಾಣವು ಶೇಕಡಾ 10 ಹೆಚ್ಚಾದ ಕಡೆಗಳಲ್ಲಿ ಆ ಸಂಭವವು ಶೇಕಡಾ 7 ಕಡಮೆಯಿತ್ತು. ಯೂರೋಪು ನಮ್ಮ ದೇಶವಲ್ಲ; ಎರಡು ಸಂಗತಿಗಳು ಜೊತೆಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ನ್ಯಾಯಶಾಸ್ತ್ರವು ಒಪ್ಪುವುದೂ ಇಲ್ಲ. ಆದರೂ ವಾರ್ಡಿನಲ್ಲಿ ಓದಿದವರು ಸಾಕಷ್ಟು ಸಂಖ್ಯೆಯಲ್ಲಿರುವುದು ಒಂದು ಅಲಂಕಾರವೆಂದು ಇನ್ನು ಮೇಲೆ ಯಾವ ಆಸ್ಪತ್ರೆಯ ಯಜಮಾನನೂ ವಾದಿಸಲಾರನು.

ಅಂಕಿಗಳಿಗೆ ಮಣಿಯದ ಮನಸ್ಸುಗಳಿಗೆ ನಮ್ಮ ಉತ್ತರ ಕನ್ನಡದ ಒಂದು ಹೆಸರನ್ನು ನೆನಪು ಮಾಡಿಕೊಡುತ್ತೇವೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ನೌಕರನು ಅವರ ಮೇಲೆ ಬಿದ್ದು, ನಾಯಿಯ ಸರಪಳಿಯಿಂದ ಕುತ್ತಿಗೆಯನ್ನು ಬಿಗಿದುದರಿಂದ ಮೆದುಳಿಗೆ ಆಘಾತವಾಗಿ, 2015ರ ಮೇ 18ರಂದು ಪ್ರಾಣ ಬಿಡುವವರೆಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಆ ಸುಮಾರು 42 ವರ್ಷಗಳ ಕಾಲ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಅರುಣಾ ಅವರು ನಡೆದಾಡಿದುದನ್ನು ಕಂಡವರು ನಿವೃತ್ತರಾಗಿ, ಅವರು ಮಲಗಿದ ಬಳಿಕ ಹುಟ್ಟಿದವರು ಕೆಲಸಕ್ಕೆ ಸೇರಿ, ತಲೆಮಾರಿನಿಂದ ತಲೆಮಾರಿಗೆ ಆ ಹಾಸಿಗೆಯು ಹಸ್ತಾಂತರವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ವೈದ್ಯರು ಪರೀಕ್ಷಿಸಿದಾಗ ಅವರ ಮೈಮೇಲೆ ಹಾಸಿಗೆ ಹುಣ್ಣುಗಳು ಇರಲಿಲ್ಲ; ಕೋರ್ಟು ಆ ದಾದಿಯರನ್ನು ಮುಕ್ತಕಂಠದಿಂದ ಪ್ರಶಂಸಿಸಿತು. ಮಿಸುಕದೆ ಮಲಗಿದ ದೇಹವನ್ನು ಗಂಟೆ ಗಂಟೆಗೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣದಾಗಿಟ್ಟು, ಆಹಾರದಲ್ಲಿ ಸಾರವು ತಪ್ಪದಂತೆ ನೋಡದಿದ್ದರೆ ಕೆಲವೇ ದಿನಗಳಲ್ಲಿ ಮಾಂಸವು ಕೊಳೆಯತೊಡಗುತ್ತದೆ. ಮನೆಯಲ್ಲಿ ಲಕ್ವ ಹೊಡೆದ ಹಿರಿಯರನ್ನು ನೋಡಿಕೊಂಡವರಿಗೆ ಈ ಮಾತಿನ ತೂಕವು ತಿಳಿಯುತ್ತದೆ. ಆ ಘಟನೆಯಾದಾಗ ಮುಂಬಯಿಯ ದಾದಿಯರು ಮುಷ್ಕರ ಹೂಡಿ ಕೇಳಿದ್ದು ಕೆಲಸದ ಸ್ಥಳದಲ್ಲಿ ರಕ್ಷಣೆಯನ್ನು. 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳ ಕೊಲೆಯಾದಾಗ ಸುಪ್ರೀಂ ಕೋರ್ಟು ಮತ್ತೆ ಅರುಣಾ ಅವರ ಹೆಸರನ್ನೇ ಸ್ಮರಿಸಬೇಕಾಯಿತು. ಮಗಳನ್ನು ರಾತ್ರಿ ಪಾಳಿಯ ಕೆಲಸಕ್ಕೆ ಕಳುಹಿಸಲು ತಾಯ್ತಂದೆಗಳು ಹಿಂಜರಿಯುವುದನ್ನು ನಾವು ಮೌಢ್ಯವೆಂದು ಹಳಿಯಲಾರೆವು. ಅದಕ್ಕೆ ಉತ್ತರ ಕೊಡಬೇಕಾದವರು ಆಸ್ಪತ್ರೆಗಳ ಆಡಳಿತದವರು.

ಇನ್ನು ಉದ್ಯೋಗದ ಮಾತು. ಪದವಿ ಪಡೆದು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿದವರಿಗೆ ದಾರಿಗಳು ಅನೇಕ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು, ರೈಲ್ವೆ, ಕಾರ್ಮಿಕರ ರಾಜ್ಯ ವಿಮೆಯ ಆಸ್ಪತ್ರೆಗಳು, ನಮ್ಮ ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ಸಂಸ್ಥೆಗಳು ಇವೆ. ಏಮ್ಸ್ ಸಂಸ್ಥೆಗಳಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಿಂದ ಆಯ್ಕೆ ನಡೆಯುತ್ತದೆ. ಏಳನೆಯ ವೇತನ ಆಯೋಗದ ಪಟ್ಟಿಯಂತೆ ಅಲ್ಲಿ ಆರಂಭದ ಮೂಲವೇತನವೇ 44,900 ರೂಪಾಯಿ. ಅಲ್ಲಿ 80 ಸ್ಥಾನಗಳು ಸ್ತ್ರೀಯರಿಗೂ 20 ಪುರುಷರಿಗೂ ಎಂಬ ಪ್ರಮಾಣವನ್ನಿಟ್ಟಿದ್ದಾರೆ. ಗಂಡುಮಕ್ಕಳಿಗೆ ಇದು ತಕ್ಕ ವೃತ್ತಿಯೇ ಎಂದು ಕೇಳುವವರು ಚರಕನು ಪರಿಚಾರಕನನ್ನು ಪುಲ್ಲಿಂಗದಲ್ಲಿಯೇ ಹೇಳಿದ್ದಾನೆಂಬುದನ್ನು ಮರೆಯದಿರಲಿ.

ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ 2018ರಿಂದ ಸಮುದಾಯ ಆರೋಗ್ಯಾಧಿಕಾರಿಗಳೆಂಬ ಹೊಸ ಹುದ್ದೆಗಳಾಗಿವೆ. ರಕ್ತದೊತ್ತಡ ಮಧುಮೇಹಗಳನ್ನು ಮೊದಲು ಪತ್ತೆಮಾಡುವುದು, ಡಾಕ್ಟರರು ಬರೆದ ಔಷಧವು ತಪ್ಪದಂತೆ ನೋಡುವುದು, ಗರ್ಭಿಣಿಯರ ತಪಾಸಣೆ, ಇವೆಲ್ಲ ಅವರ ಪಾಲಿಗೆ ಸೇರಿದವು. ಡಾಕ್ಟರರು ನಿಲ್ಲದ ಊರಿನಲ್ಲಿ ವಿಜ್ಞಾನವನ್ನು ಬಲ್ಲ ಒಂದು ಜೀವವು ನಿಂತಂತಾಯಿತು. ಆದರೆ ಈ ಹುದ್ದೆಗಳಲ್ಲಿ ಬಹುಭಾಗವು ಗುತ್ತಿಗೆಯವು. ಖಾಯಮಾದ ಕೆಲಸಕ್ಕೆ ಖಾಯಮಲ್ಲದ ಮನುಷ್ಯರೆಂಬ ಈ ಪದ್ಧತಿಯನ್ನು ನಾವು ಎಂದೂ ಒಪ್ಪಿದವರಲ್ಲ.

ಸೈನ್ಯದ ಶುಶ್ರೂಷಾ ಸೇವೆಯಲ್ಲಿ ಸೇರುವ ಹೆಣ್ಣುಮಕ್ಕಳು ಸೈನ್ಯದ ಕಾಲೇಜುಗಳಲ್ಲಿಯೇ, ಬೆಂಗಳೂರಿನ ವಾಯುಸೇನೆಯ ಆಸ್ಪತ್ರೆಯಲ್ಲಿಯೂ ಸಹ, ನಾಲ್ಕು ವರ್ಷ ಓದಿ ಲೆಫ್ಟಿನೆಂಟರಾಗಿ ಹೊರಬೀಳುತ್ತಾರೆ. ಇದೇ ಸೇವೆಯಲ್ಲಿದ್ದ ಸೆಲಿನಾ ಜಾನ್ ಎಂಬ ಅಧಿಕಾರಿಯನ್ನು 1988ರಲ್ಲಿ ವಿವಾಹವಾದರೆಂಬ ಕಾರಣಕ್ಕಾಗಿ ಬಿಡುಗಡೆ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಅನ್ಯಾಯವೆಂದು ಸಾರಿ 60 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಮೂವತ್ತಾರು ವರ್ಷಗಳ ಮೇಲೆ ಬಂದ ನ್ಯಾಯ. ಆದರೆ ಮುಂದೆ ಸೇರುವವರಿಗೆ ಅದರ ಫಲವಿದೆ.

ಓದನ್ನು ಮುಂದುವರಿಸುವವರಿಗೆ ಎರಡು ವರ್ಷಗಳ ಎಂ.ಎಸ್‌ಸಿ. ಇದೆ, ಅದಿಲ್ಲದೆ ಕಾಲೇಜಿನಲ್ಲಿ ಪ್ರೊಫೆಸರರಾಗುವ ಹಾಗಿಲ್ಲ. ತೀವ್ರನಿಗಾ ಘಟಕದಲ್ಲಿ ಸ್ವತಂತ್ರ ಹೊಣೆಯನ್ನು ಹೊರಲು ಸಿದ್ಧಗೊಳಿಸುವ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ಶಿಕ್ಷಣವೂ ಇದೆ. ಹೆರಿಗೆಯ ವಿದ್ಯೆಯಲ್ಲಿ ವಿಶೇಷ ತರಬೇತಿಗೂ ಈಗ ಸರಕಾರವು ಕೈಹಾಕಿದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮುಖವನ್ನೇ ಕಾಣದೆ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀಯನ್ನು ಪಡೆದರು. ಅಂತಹ ಕೈಗುಣಕ್ಕೆ ಶಾಸ್ತ್ರವೂ ಕೂಡಿದರೆ ಎಷ್ಟು ತಾಯಂದಿರು ಉಳಿಯುವರೆಂಬುದನ್ನು ವಾಚಕರೇ ಊಹಿಸಲಿ.

ಪರದೇಶಗಳ ಆಕರ್ಷಣೆಯನ್ನು ಬಿಟ್ಟು ಈ ವಿಷಯವನ್ನು ಬರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನಲ್ಲಿದ್ದ ದಾದಿಯರು 2 ಕೋಟಿ 79 ಲಕ್ಷ. ಕೊರತೆ 59 ಲಕ್ಷ. ಅಮೆರಿಕಕ್ಕೆ ಹೋಗುವವರು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯನ್ನೂ, ಇಂಗ್ಲೆಂಡಿಗೆ ಹೋಗುವವರು ಇಂಗ್ಲಿಷ್ ಭಾಷೆಯ ಪರೀಕ್ಷೆಯನ್ನೂ ಅಲ್ಲಿನ ಪರಿಷತ್ತಿನ ಎರಡು ವೃತ್ತಿಪರೀಕ್ಷೆಗಳನ್ನೂ, ಜರ್ಮನಿಗೆ ಹೋಗುವವರು ಜರ್ಮನ್ ಭಾಷೆಯನ್ನೂ ಗೆಲ್ಲಬೇಕು. ಕೊಲ್ಲಿಯ ರಾಜ್ಯಗಳಿಗೂ ಅವುಗಳದೇ ಪರವಾನಿಗೆಯ ಪರೀಕ್ಷೆಗಳಿವೆ. ಹೋಗುವವರನ್ನು ದೇಶದ್ರೋಹಿಗಳೆಂದು ಕರೆಯುವ ಬಾಯಿಗಳಿಗೆ ನಾವು ಸೇರಿದವರಲ್ಲ. ಮನೆಯಲ್ಲಿ ಅನ್ನವಿದ್ದರೆ ಯಾರೂ ನೆರೆಮನೆಯ ಒಲೆಯನ್ನು ನೋಡುವುದಿಲ್ಲ. ಆದರೆ ದಲ್ಲಾಳಿಗಳ ವಿಷಯದಲ್ಲಿ ಎಚ್ಚರಿಕೆಯಿರಲಿ. ಒಂದು ಕೊಲ್ಲಿ ರಾಜ್ಯದ ನೌಕರಿಗಾಗಿ ಒಬ್ಬೊಬ್ಬರಿಂದ 20 ಲಕ್ಷದಷ್ಟು ಹಣವನ್ನು ಸುಲಿದ ಪ್ರಕರಣಗಳು ಹೊರಬಿದ್ದ ಮೇಲೆಯೇ, 2015ರಲ್ಲಿ ಕೇಂದ್ರ ಸರಕಾರವು 18 ದೇಶಗಳಿಗೆ ದಾದಿಯರ ನೇಮಕವು ಸರಕಾರಿ ಏಜೆನ್ಸಿಗಳ ಮೂಲಕವೇ ಆಗತಕ್ಕದ್ದೆಂದು ಆಜ್ಞೆ ಮಾಡಿತು. ಪರವಾನಿಗೆ ಪಡೆದ ಏಜೆಂಟನಾದರೂ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಹಣಕ್ಕೆ 30,000 ರೂಪಾಯಿ ಮತ್ತು ಅದರ ಮೇಲಣ ತೆರಿಗೆಯೆಂಬ ಮಿತಿಯಿದೆ. ಸಾಲ ಮಾಡಿ ಹೊರಟವರು ಯುದ್ಧದ ನಡುವೆಯೂ ಹಿಂದಿರುಗಲಾರರು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಕೊಂಡು ಪಾರಾಗಿ ಬಂದ 46 ಭಾರತೀಯ ದಾದಿಯರ ಸಂಗತಿಯು ಅನೇಕರಿಗೆ ನೆನಪಿರಬಹುದು.

ತಾಲ್ಲೂಕೊಂದರ ಚಂದಾದಾರರೊಬ್ಬರು, "ಕಾಲೇಜುಗಳು ಬೀದಿಗೊಂದಿವೆ, ಯಾವುದಕ್ಕೆ ಸೇರಿಸಲಿ?" ಎಂದು ನಮಗೆ ಕಾಗದ ಬರೆದಿದ್ದಾರೆ. ಕಟ್ಟಡವನ್ನು ನೋಡಬೇಡಿ, ಆಸ್ಪತ್ರೆಯನ್ನು ನೋಡಿರಿ ಎಂಬುದೇ ನಮ್ಮ ಉತ್ತರ. ಈ ವಿದ್ಯೆಯು ಅರ್ಧ ಪುಸ್ತಕದಲ್ಲಿದ್ದರೆ ಅರ್ಧ ರೋಗಿಯ ಹಾಸಿಗೆಯ ಬಳಿಯಲ್ಲಿದೆ. ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆಯಿರಬೇಕೆಂಬುದು ಭಾರತೀಯ ಪರಿಷತ್ತಿನ ಕಟ್ಟಳೆ. ಕಾಗದದ ಮೇಲೆ ಹಾಸಿಗೆಗಳನ್ನು ತೋರಿಸಿ ವಾರ್ಡಿನಲ್ಲಿ ರೋಗಿಗಳನ್ನು ತೋರಿಸಲಾರದ ಕಾಲೇಜುಗಳಿಗೆ ನಮ್ಮ ರಾಜ್ಯದಲ್ಲಿ ಬರಗಾಲವಿಲ್ಲ. ಅಲ್ಲಿ ಬೊಂಬೆಯ ಮೇಲೆ ಚುಚ್ಚಿ ಕಲಿತವರು ಮನುಷ್ಯನ ಮೇಲೆ ಮೊದಲು ಚುಚ್ಚುವುದು ಉದ್ಯೋಗಕ್ಕೆ ಸೇರಿದ ಮೇಲೆ! ಪ್ರವೇಶಕ್ಕೆ ಮುನ್ನ ತಂದೆಯು ಒಂದು ದಿನ ಆ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತು ನೋಡಲಿ. ಹಿರಿಯ ವಿದ್ಯಾರ್ಥಿಗಳನ್ನು, ಕಚೇರಿಯವರಿಲ್ಲದಾಗ, ವಾರ್ಡಿನಲ್ಲಿ ಎಷ್ಟು ತಾಸು ಕೆಲಸವೆಂದು ಕೇಳಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೋ ಮಾನ್ಯವಾದ ಬೇರೆ ವಿಶ್ವವಿದ್ಯಾನಿಲಯಕ್ಕೋ ಸೇರಿದೆಯೇ, ರಾಜ್ಯ ಪರಿಷತ್ತಿನ ಮತ್ತು ಭಾರತೀಯ ಪರಿಷತ್ತಿನ ಪಟ್ಟಿಗಳಲ್ಲಿ ಆ ವರ್ಷಕ್ಕೆ ಹೆಸರಿದೆಯೇ ಎಂಬುದನ್ನು ಸ್ವತಃ ಪರಿಶೀಲಿಸಲಿ. ಅಂಕಪಟ್ಟಿಯ ಮೂಲ ಪ್ರತಿಗಳನ್ನು ಅಡವಿನಂತೆ ಇಟ್ಟುಕೊಳ್ಳುವ ಸಂಸ್ಥೆಯಿಂದ ದೂರವಿರಲಿ.

ಬಹುಕಾಲದಿಂದ ಕೇರಳದ ಮಕ್ಕಳು ನಮ್ಮ ಬೆಂಗಳೂರು ಮಂಗಳೂರುಗಳಿಗೆ ಬಂದು ಈ ವಿದ್ಯೆಯನ್ನು ಕಲಿತು ಜಗತ್ತೆಲ್ಲ ಹರಡಿದ್ದಾರೆ. ಅವರ ಸಾಹಸಕ್ಕೆ ನಮ್ಮ ವಂದನೆಗಳು. ಮನೆಯ ಅಂಗಳದಲ್ಲಿದ್ದ ಬಾವಿಯಿಂದ ನಮ್ಮವರು ಏಕೆ ಸೇದಲಿಲ್ಲವೆಂಬುದು ನಮ್ಮ ಪ್ರಶ್ನೆ. 'ಶುಶ್ರೂಷಾ' ಎಂಬ ಶಬ್ದದ ಮೂಲಾರ್ಥವು ಕೇಳುವ ಇಚ್ಛೆಯೆಂದು ಸಂಸ್ಕೃತವನ್ನು ಓದಿದವರು ಬಲ್ಲರು. ಕೊಪ್ಪಳದ ಮುದುಕಿಯೊಬ್ಬಳು 'ಜೀವ ಝಲ್ಲೆನ್ನುತ್ತದೆ, ಹೊಟ್ಟೆ ತೊಳಸುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಕೈ ಜೋಮು ಹಿಡಿದಿದೆ' ಎಂದರೆ ಈ ನಾಲ್ಕು ಮಾತುಗಳಲ್ಲಿ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಸಮಾಧಾನ ಹೇಳಿದರೆ ಸಾಕು ಎಂಬುದು ಆಕೆಯ ಮಾತನ್ನು ಹುಟ್ಟಿನಿಂದ ಕೇಳಿದವರಿಗೆ ಬೇಗ ತಿಳಿಯುತ್ತದೆ. ಹೊರಗಿನಿಂದ ಬಂದವರಿಗೂ ಕಾಲೇಜುಗಳು ಮೊದಲ ವರ್ಷದಲ್ಲಿಯೇ ಇಷ್ಟು ಕನ್ನಡವನ್ನು ಕಲಿಸಲೇಬೇಕು.

ಕಡೆಯದಾಗಿ ಖಾಸಗಿ ಆಸ್ಪತ್ರೆಗಳ ಯಜಮಾನರಲ್ಲಿ ಒಂದು ಮಾತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶದ ಮೇಲೆ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು ದಾದಿಯರ ಸಂಬಳವನ್ನು ಕುರಿತು ಸ್ಪಷ್ಟವಾಗಿ ಹೇಳಿದೆ. 200 ಹಾಸಿಗೆಗಳಿಗೆ ಮೇಲ್ಪಟ್ಟ ಆಸ್ಪತ್ರೆಯು ರಾಜ್ಯ ಸರಕಾರದ ದಾದಿಯರಿಗೆ ಸಮನಾದ ಸಂಬಳವನ್ನು ಕೊಡಬೇಕು. 100ರ ಮೇಲಿದ್ದರೆ ಅದಕ್ಕಿಂತ ಶೇಕಡಾ 10ಕ್ಕಿಂತಲೂ, 50ರ ಮೇಲಿದ್ದರೆ ಶೇಕಡಾ 25ಕ್ಕಿಂತಲೂ ಕಡಮೆಯಾಗಕೂಡದು. ಅದಕ್ಕೂ ಚಿಕ್ಕದಾದರೆ ತಿಂಗಳಿಗೆ 20,000 ರೂಪಾಯಿಗಳಿಗೆ ಇಳಿಯಕೂಡದು. ಕೇರಳದಲ್ಲಿ ದಾದಿಯರು ಸಂಘಟಿತರಾಗಿ ಹೋರಾಡಿದುದರಿಂದ 2018ರಲ್ಲಿ ಅಲ್ಲಿನ ಸರಕಾರವು 20,000ದ ಕನಿಷ್ಠ ವೇತನವನ್ನು ಅಧಿಸೂಚನೆಯಿಂದ ಗೊತ್ತುಪಡಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಪಾ ರೋಗಿಗಳನ್ನು ನೋಡಿಕೊಂಡು ತಾವೇ ಆ ರೋಗಕ್ಕೆ ಬಲಿಯಾದ ಪೆರಾಂಬ್ರದ ಲಿನಿ ಪುತುಸ್ಸೆರಿಯವರು ಖಾಯಂ ನೌಕರರಾಗಿರಲಿಲ್ಲ. ನಮ್ಮ ಪಟ್ಟಣಗಳ ನರ್ಸಿಂಗ್ ಹೋಮುಗಳ ಮಾಲೀಕರು ತಮ್ಮ ಸಂಬಳದ ಪಟ್ಟಿಯನ್ನು ತೆರೆದು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಲಿ. ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿಯೂ ನಮ್ಮ ವಾಚಕರು ಅನೇಕರಿದ್ದಾರೆ. ಆ ಪಟ್ಟಿಯನ್ನು ಕೇಳಿ ತರಿಸಿಕೊಳ್ಳುವ ಅಧಿಕಾರವು ಅವರಿಗಿದೆ.